ಹೂ ಬಿಟ್ಟೂ ಬೀಜ ಕಟ್ಟದ ಗಿಡ



ಇಂದು ನಾನು ಹೇಳಹೊರಟಿರುವ ಹೂವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರರು. ಅದು ಮುಡಿಯುವ ಹೂವಲ್ಲ. ದೇವರಿಗೆ ಏರಿಸುವ ಹೂವೂ ಅಲ್ಲ. ಮಾರುಕಟ್ಟೆಯಲ್ಲಿ ಮೊಳದ ಲೆಕ್ಕಕ್ಕೆ ಯಾರೂ ಅದನ್ನು ಮಾರುವುದಿಲ್ಲ. ಅದು ಬೆಳೆಯುವುದು ಬಹು ದೂರದಲ್ಲಿ. ಅಮೆರಿಕ ಮತ್ತು ಕೆನಡಾ ದೇಶಗಳ ನಡುವೆ ಮಹಾಸರೋವರಗಳಿವೆಯಲ್ಲ, ಅವುಗಳ ದಡದ ಬರಿಗಲ್ಲಿನ ಮೇಲೆ. ಹೆಸರು ಲೇಕ್‌ಸೈಡ್ ಡೇಸಿ. ಸಸ್ಯಶಾಸ್ತ್ರದವರು ಅದನ್ನು ಟೆಟ್ರಾನ್ಯೂರಿಸ್ ಹರ್ಬೇಸಿಯಾ ಎಂದು ಕರೆಯುತ್ತಾರೆ.

ಇಷ್ಟು ದೂರದ ಹೂವಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. ಕಾರಣ ಒಂದೇ. ಒಂದು ಗಿಡವನ್ನು ಉಳಿಸುವುದು ಅಂದರೆ ಏನು? ಈ ಪ್ರಶ್ನೆಗೆ ನಾವು ಸುಲಭದ ಉತ್ತರ ಇಟ್ಟುಕೊಂಡಿದ್ದೇವೆ. ಎಷ್ಟು ಗಿಡ ಇದ್ದವು, ಎಷ್ಟು ಉಳಿದಿವೆ, ಎಣಿಸು. ಉಳಿದ ಜಾಗಕ್ಕೆ ಬೇಲಿ ಹಾಕು. ಒಂದು ಬೋರ್ಡು ನೆಡು. ಅಲ್ಲಿಗೆ ಕೆಲಸ ಮುಗಿಯಿತು. ಈ ಪುಟ್ಟ ಹಳದಿ ಹೂವು ಆ ಲೆಕ್ಕವನ್ನೇ ತಲೆಕೆಳಗು ಮಾಡಿತು. ಇಲಿನಾಯ್ ರಾಜ್ಯದಲ್ಲಿ ಗಿಡಗಳಿದ್ದವು. ಅವು ಹೂವನ್ನೂ ಬಿಡುತ್ತಿದ್ದವು. ಜೇನ್ನೊಣಗಳೂ ಬಂದು ಹೋಗುತ್ತಿದ್ದವು. ಆದರೂ ಸುಮಾರು 15 ವರ್ಷ ಒಂದು ಬೀಜವೂ ಕಟ್ಟಲಿಲ್ಲ. ಏಕೆ ಹಾಗಾಯಿತು ಎನ್ನುವುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಆ ನೆಲ ಎಂಥದು ಎಂದು ತಿಳಿಯಬೇಕು. ನೆಲ ಗೊತ್ತಿಲ್ಲದೆ ಗಿಡದ ಕಷ್ಟ ಅರ್ಥವಾಗುವುದಿಲ್ಲ.

ಮಹಾಸರೋವರಗಳು ಒಟ್ಟು ಐದು. ಐದರ ನೀರಿನ ಹರವನ್ನು ಕೂಡಿದರೆ ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡದಾಗುತ್ತದೆ. ದಡದಲ್ಲಿ ನಿಂತರೆ ಆಚೆ ದಡ ಕಾಣಿಸುವುದಿಲ್ಲ. ಗಾಳಿ ಎದ್ದರೆ ಅಲೆ ಬಂದು ಬಂಡೆಗೆ ಬಡಿಯುತ್ತದೆ. ಒಂದು ಬೊಗಸೆ ನೀರು ಕುಡಿದು ನೋಡಿದರೆ ಮಾತ್ರ ಇದು ಕಡಲಲ್ಲ ಎಂದು ಗೊತ್ತಾಗುವುದು. ಅದು ಸಿಹಿನೀರು. ಈ ಐದರಲ್ಲಿ ಆಳ ಕಡಿಮೆ ಇರುವುದು ಈರಿ ಸರೋವರ. ಅದರ ಸರಾಸರಿ ಆಳ ಅರವತ್ತು ಅಡಿ ಇದ್ದೀತು. ಅದರ ದಕ್ಷಿಣಕ್ಕೆ ಒಹಾಯೊ ರಾಜ್ಯ. ಆ ದಡದಿಂದ ನೀರಿನೊಳಕ್ಕೆ ಚಾಚಿಕೊಂಡ ಒಂದು ಭೂಶಿರವಿದೆ. ಅದೇ ಮಾರ್ಬಲ್‌ಹೆಡ್. ಅಲ್ಲೊಂದು ಬಿಳಿಯ ದೀಪಸ್ತಂಭ ನಿಂತಿದೆ. 1822ರಲ್ಲಿ ಅಲ್ಲಿಯ ಕಲ್ಲಿನಲ್ಲೇ ಕಟ್ಟಿದ್ದು. ಮಹಾಸರೋವರಗಳ ಅಮೆರಿಕದ ದಡದಲ್ಲಿ ಇಂದಿಗೂ ಕೆಲಸ ಮಾಡುತ್ತಿರುವ ದೀಪಸ್ತಂಭಗಳಲ್ಲಿ ಅದೇ ಹಿರಿಯದು. ಅದರಿಂದ ತುಸು ಈಚೆಗೆ ಲೇಕ್‌ಸೈಡ್ ಎಂಬ ಸಣ್ಣ ಊರು. ನಮ್ಮ ಹೂವಿನ ಹೆಸರು ಬಂದದ್ದು ಈ ಊರಿನಿಂದ.

ಅಲ್ಲಿಯ ಕಲ್ಲು ಸುಣ್ಣಕಲ್ಲು. ಕಲಬುರಗಿ, ಶಹಾಬಾದ್, ಸೇಡಂ ಕಡೆಯ ಕೇಳುಗರಿಗೆ ಸುಣ್ಣಕಲ್ಲಿನ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ನಿಮ್ಮ ಮನೆಯ ಹಾಸುಗಲ್ಲು ಅದೇ ಜಾತಿಯದು. ವಯಸ್ಸಿನಲ್ಲಿ ನಿಮ್ಮ ಕಲ್ಲೇ ಹಿರಿಯದು. ಈರಿ ದಡದ ಕಲ್ಲು ಹುಟ್ಟಿದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ. ಆಗ ಅಲ್ಲಿ ಬೆಚ್ಚನೆಯ, ಆಳವಿಲ್ಲದ ಕಡಲಿತ್ತು. ಹವಳದ ಹುಳುಗಳು, ಚಿಪ್ಪಿನ ಜೀವಿಗಳು ಸತ್ತು ತಳ ಸೇರಿದವು. ಪದರದ ಮೇಲೆ ಪದರ ಕೂತು ಕಲ್ಲಾಯಿತು. ಇಂದಿಗೂ ಆ ಕಲ್ಲಿನ ಮೇಲೆ ಕೈಯಾಡಿಸಿದರೆ ಹವಳದ ಅಚ್ಚುಗಳು ಬೆರಳಿಗೆ ಸಿಗುತ್ತವೆ.

ಆಮೇಲೆ ಬಹಳ ಕಾಲ ಕಳೆದು ಹಿಮಯುಗ ಬಂತು. ಉತ್ತರದಿಂದ ಹಿಮದ ರಾಶಿ ತೆವಳಿಕೊಂಡು ಬಂತು. ದಪ್ಪ ಒಂದು ಕಿಲೋಮೀಟರಿಗೂ ಮೇಲೆ. ಅದು ನೆಲದ ಮಣ್ಣನ್ನು ಕೆರೆದು ಒಯ್ದಿತು. ಕಲ್ಲನ್ನೂ ಉಜ್ಜಿತು. ಮಾರ್ಬಲ್‌ಹೆಡ್‌ಗೆ ಎದುರಾಗಿ ನೀರಿನ ನಡುವೆ ಕೆಲ್ಲೀಸ್ ಎಂಬ ದ್ವೀಪವಿದೆ. ಅಲ್ಲಿ ಹಿಮ ಕೊರೆದ ಕೊರಕಲುಗಳು ಹಾಗೇ ಉಳಿದಿವೆ. ಒಂದು ಕೊರಕಲಿನ ಉದ್ದ 400 ಅಡಿ. ಅಗಲ ಮೂವತ್ತಕ್ಕೂ ಹೆಚ್ಚು ಅಡಿ. ಆಳಕ್ಕಿಳಿದರೆ ಆಳು ಮುಳುಗುತ್ತಾನೆ. ಗಟ್ಟಿ ಕಲ್ಲಿನಲ್ಲಿ ಮಂಜು ಮಾಡಿದ ಕೆಲಸ ಇದು. ಹಿಮ ಹಿಂದೆ ಸರಿದು ಸುಮಾರು 14 ಸಾವಿರ ವರ್ಷವಾಯಿತು. ಉಳಿದದ್ದು ಚಪ್ಪಟೆ ಬಂಡೆ. ಅದರ ಮೇಲೆ ಅಲ್ಲಲ್ಲಿ ಬೆರಳುದ್ದದ ಮಣ್ಣು. ಎಷ್ಟೋ ಕಡೆ ಅದೂ ಇಲ್ಲ.

ಇಂಥ ನೆಲ ವರ್ಷದಲ್ಲಿ ಎರಡು ರೂಪ ತಾಳುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರು ಇಂಗಲು ಜಾಗವಿಲ್ಲದೆ ಬಂಡೆಯ ಮೇಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ಬಂಡೆ ಕಾದ ಹೆಂಚಾಗುತ್ತದೆ. ಒಮ್ಮೆ ಮುಳುಗು, ಒಮ್ಮೆ ಸುಡು. ಇದರ ನಡುವೆ ಬದುಕುವ ಗಿಡ ಯಾವುದು? ಹೆಚ್ಚಿನ ಮರಗಿಡಗಳು ಅತ್ತ ತಲೆ ಹಾಕುವುದಿಲ್ಲ. ಅದೇ ನಮ್ಮ ಡೇಸಿಯ ಭಾಗ್ಯ.

ಜಾಗ ಗೊತ್ತಾಯಿತು. ಸುಣ್ಣಕಲ್ಲಿನ ಬಂಡೆ, ಮಣ್ಣಿಲ್ಲ, ನೆರಳಿಲ್ಲ. ಈಗ ಗಿಡವನ್ನು ನೋಡೋಣ. ನೀವು ಕಣ್ಣು ಮುಚ್ಚಿ ಕೇಳಿದರೂ ಸಾಕು.

ಬಂಡೆಯಲ್ಲಿ ಒಂದು ಬಿರುಕಿದೆ ಎನ್ನಿ. ಆ ಬಿರುಕಿನೊಳಗೆ ಗಿಡದ ಬೇರು ಇಳಿದಿರುತ್ತದೆ. ಮೇಲೆ ಎಲೆಗಳ ಒಂದು ಸಣ್ಣ ಗುಂಪು. ಎಲೆಗಳು ಕಿರಿದು, ದಪ್ಪ, ಕಡುಹಸಿರು. ಎಲ್ಲವೂ ನೆಲಕ್ಕೆ ಅಂಟಿಕೊಂಡೇ ಇರುತ್ತವೆ. ಚಳಿಗಾಲದಲ್ಲೂ ಹಸಿರು ಆರುವುದಿಲ್ಲ. ಏಪ್ರಿಲ್ ಕೊನೆ, ಮೇ ತಿಂಗಳು ಬಂದಾಗ ಗುಂಪಿನ ನಡುವಿನಿಂದ ಬರಿಯ ಕಡ್ಡಿಯೊಂದು ಏಳುತ್ತದೆ. ಅದಕ್ಕೆ ಎಲೆಯಿಲ್ಲ. ಒಂದು ಗೇಣಿನಷ್ಟು ಎತ್ತರ, ಕೆಲವೊಮ್ಮೆ ಅದಕ್ಕೂ ಗಿಡ್ಡ. ಕಡ್ಡಿಯ ತುದಿಗೆ ಒಂದೇ ಒಂದು ಹೂವು. ಅಚ್ಚ ಹಳದಿ. ಅಡ್ಡಗಲ ಒಂದರಿಂದ ಎರಡು ಅಂಗುಲ. ಪ್ರತಿ ಎಸಳಿನ ತುದಿಯಲ್ಲೂ ಮೂರು ಕಚ್ಚು. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡವಿದು. ಆದ್ದರಿಂದ ನಾವು ಒಂದು ಹೂವು ಎನ್ನುವುದು ನಿಜವಾಗಿ ಹತ್ತಾರು ಕಿರುಹೂಗಳ ತಟ್ಟೆ. ಹೊರಸುತ್ತಿನ ಒಂದೊಂದು ಎಸಳೂ ಒಂದೊಂದು ಹೂವು. ನಡುವಿನ ದಿಂಡಿನಲ್ಲಿ ಇನ್ನೂ ಬಹಳ.

ಈ ಹೂಗಳು ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿರುತ್ತವೆ. ಹೊತ್ತು ಏರಿದಂತೆ ಸೂರ್ಯನ ಜೊತೆ ತಿರುಗುತ್ತವೆ. ಒಂದು ಬಯಲಿನ ಸಾವಿರಾರು ಹೂಗಳು ಒಂದೇ ಕಡೆಗೆ ನೋಡುತ್ತಿರುತ್ತವೆ. ಮಾರ್ಬಲ್‌ಹೆಡ್‌ನಲ್ಲಿ ಮೇ ತಿಂಗಳ ಮೊದಲ ಎರಡು ಮೂರು ವಾರ ಬೂದಿ ಬಣ್ಣದ ಬಂಡೆನೆಲ ಪೂರ್ತಿ ಹಳದಿಯಾಗುತ್ತದೆ. ಆಮೇಲೆ ಹೂವು ಒಣಗಿ ಬೀಜವಾಗುತ್ತದೆ. ಬೀಜ ಬಹು ದೂರ ಹೋಗುವುದಿಲ್ಲ. ತಾಯಿಯ ಕಾಲಬುಡದಲ್ಲೇ ಬೀಳುತ್ತದೆ. ಗಿಡ ಪಕ್ಕಕ್ಕೆ ಮರಿ ಒಡೆದೂ ಹಬ್ಬುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಒಂದೆಡೆ ಹತ್ತು ಗಿಡ ಕಂಡರೆ ಹತ್ತೂ ಬೇರೆ ಬೇರೆ ಎಂದು ತಿಳಿಯಬೇಡಿ. ಹತ್ತೂ ಒಂದೇ ತಾಯಿಯ ಮರಿಗಳಾಗಿರಬಹುದು. ಬೀಜದಿಂದ ಹುಟ್ಟಿದ ಮಕ್ಕಳಲ್ಲ, ಅದೇ ಮೈಯ ತುಂಡುಗಳು.

ಇದರ ಹತ್ತಿರದ ಬಳಗ ಇರುವುದು ಅಮೆರಿಕದ ಪಶ್ಚಿಮದ ಒಣ ಬಯಲುಗಳಲ್ಲಿ, ರಾಕಿ ಪರ್ವತಗಳ ಕಡೆ. ಹಾಗಾದರೆ ಇದು ಇಷ್ಟು ಪೂರ್ವಕ್ಕೆ ಬಂದದ್ದು ಹೇಗೆ? ಹಿಮ ಸರಿದ ಮೇಲೆ ಕೆಲವು ಸಾವಿರ ವರ್ಷ ಹವೆ ಒಣಗಿ ಬಿಸಿಯಾಗಿತ್ತು. ಆಗ ಹುಲ್ಲುಗಾವಲಿನ ಗಿಡಗಳು ಪೂರ್ವಕ್ಕೆ ಹಬ್ಬಿದವು. ಮತ್ತೆ ಮಳೆ ಹೆಚ್ಚಿ ಕಾಡು ಮರಳಿತು. ಕಾಡಿನ ನೆರಳಿನಲ್ಲಿ ಆ ಗಿಡಗಳು ಸತ್ತವು. ಮರ ಬೇರೂರಲಾಗದ ಬಂಡೆಗಳ ಮೇಲಷ್ಟೇ ಅಲ್ಪಸ್ವಲ್ಪ ಉಳಿದುಕೊಂಡವು. ಸಸ್ಯಶಾಸ್ತ್ರದವರು ಕೊಡುವ ವಿವರಣೆ ಇದು. ನನಗೂ ಒಪ್ಪುವಂತೆ ತೋರುತ್ತದೆ. ಗಿಡ ಬಂಡೆಯನ್ನು ಆರಿಸಿಕೊಳ್ಳಲಿಲ್ಲ. ಬೇರೆ ಎಲ್ಲ ಕಡೆಯಿಂದ ಒಕ್ಕಲೆದ್ದು ಅಲ್ಲಿಗೆ ಬಂದು ನಿಂತಿತು.

ಇಲ್ಲಿಯವರೆಗೆ ನೆಲ ನೋಡಿದೆವು, ಗಿಡ ನೋಡಿದೆವು. ಇನ್ನು ಅದು ಎಲ್ಲೆಲ್ಲಿ ಉಳಿದಿದೆ?

ಜಗತ್ತಿನಲ್ಲೇ ಇದರ ನೆಲೆ ಮಹಾಸರೋವರಗಳ ಸೀಮೆ ಮಾತ್ರ. ಹೆಚ್ಚಿನ ಗಿಡಗಳಿರುವುದು ಕೆನಡಾದಲ್ಲಿ, ಹ್ಯೂರಾನ್ ಸರೋವರದ ದಡದಲ್ಲಿ. ಅಲ್ಲಿ ಬ್ರೂಸ್ ಎಂಬ ಭೂಶಿರವಿದೆ. ಮ್ಯಾನಿಟೂಲಿನ್ ಎಂಬ ದ್ವೀಪವಿದೆ. ಸಿಹಿನೀರಿನ ಸರೋವರದೊಳಗಿನ ದ್ವೀಪಗಳಲ್ಲಿ ಜಗತ್ತಿಗೇ ದೊಡ್ಡದು ಈ ಮ್ಯಾನಿಟೂಲಿನ್. ನಯಾಗರಾ ಜಲಪಾತ ಧುಮುಕುವ ಕಲ್ಲಿನ ಏಣು ಇದೆಯಲ್ಲ, ಅದೇ ಏಣು ವಾಯುವ್ಯಕ್ಕೆ ಹೋಗಿ ಬ್ರೂಸ್ ಭೂಶಿರವಾಗುತ್ತದೆ, ನೀರಿನಾಚೆ ಮ್ಯಾನಿಟೂಲಿನ್ ಆಗಿ ಮತ್ತೆ ತಲೆ ಎತ್ತುತ್ತದೆ. ಹೂವು ಆ ಕಲ್ಲಿನ ಜಾಡು ಹಿಡಿದೇ ಇದೆ. ಅಮೆರಿಕದಲ್ಲಿ ಒಹಾಯೊದ ಮಾರ್ಬಲ್‌ಹೆಡ್ ದೊಡ್ಡ ನೆಲೆ. ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಒಂದು ಸಣ್ಣ ನೆಲೆ 1990ರ ದಶಕದಲ್ಲಷ್ಟೇ ಗೊತ್ತಾಯಿತು. ನಾಲ್ಕನೆಯದು ಇಲಿನಾಯ್. ಅಲ್ಲಿ ಸರೋವರದ ದಡವಲ್ಲ, ಅದರಿಂದ ಒಳಗೆ ನದಿ ಕಣಿವೆಯ ಕಲ್ಲುನೆಲ. ನಮ್ಮ ಕಥೆಯ ಗಂಟು ಅಲ್ಲಿದೆ. ಆದರೆ ಮೊದಲು ಒಹಾಯೊದ ಕ್ವಾರಿಯನ್ನು ನೋಡಿ ಬರಬೇಕು. ಅಲ್ಲಿಯ ಪಾಠ ಬೇರೆ.

ಸುಣ್ಣಕಲ್ಲು ಸುಮ್ಮನೆ ಬಿಡುವ ವಸ್ತುವಲ್ಲ. ಅದರಿಂದ ಸುಣ್ಣ ಬರುತ್ತದೆ. ಸಿಮೆಂಟ್ ಬರುತ್ತದೆ. ಉಕ್ಕಿನ ಕುಲುಮೆಗೂ ಅದು ಬೇಕು. ಈರಿ ಸರೋವರದ ಸುತ್ತ ಉಕ್ಕಿನ ಊರುಗಳು ಎದ್ದಾಗ ಮಾರ್ಬಲ್‌ಹೆಡ್‌ನ ಕಲ್ಲಿಗೆ ಬೇಡಿಕೆ ಬಂತು. ಕಲ್ಲಿನ ಕ್ವಾರಿಗಳು ಭೂಶಿರದ ನಡುಭಾಗವನ್ನೇ ತಿಂದವು. ಹೂವಿನ ಮೂಲ ನೆಲೆಗಳಲ್ಲಿ ಹೆಚ್ಚಿನವು ಹೀಗೆ ಹೋದವು. ಇಷ್ಟು ಕೇಳಿದರೆ ಕ್ವಾರಿಯೇ ಖಳ ಎಂದು ತೀರ್ಪು ಕೊಡಬಹುದು. ತಡೆಯಿರಿ.

ಮೇಲಿನ ಮಣ್ಣು ತೆಗೆದು ಕಲ್ಲು ಕಿತ್ತು ಬಿಟ್ಟುಹೋದ ಹಳೆಯ ಕ್ವಾರಿಗಳ ತಳ ಹೇಗಿರುತ್ತದೆ? ಚಪ್ಪಟೆ ಬಂಡೆ. ಮಣ್ಣಿಲ್ಲ, ನೆರಳಿಲ್ಲ. ಬಿರುಕುಗಳಿವೆ. ಹಿಮ ಮಾಡಿಟ್ಟುಹೋದ ನೆಲವನ್ನೇ ಮನುಷ್ಯ ತನಗೆ ಅರಿವಿಲ್ಲದೆ ಮತ್ತೆ ಮಾಡಿಕೊಟ್ಟಿದ್ದ. ಅಂಚಿನಲ್ಲಿ ಉಳಿದಿದ್ದ ಡೇಸಿಗಳು ಮೆಲ್ಲಗೆ ಕ್ವಾರಿಯ ತಳಕ್ಕೆ ಇಳಿದವು. ಅಲ್ಲೇ ಹಬ್ಬಿದವು. ಇಂದು ಒಹಾಯೊದಲ್ಲಿ ಈ ಹೂವಿನ ರಕ್ಷಿತ ನೆಲೆ ಎಂದು ಕರೆಯುವ ಜಾಗ ಒಂದು ಪಾಳುಬಿದ್ದ ಕ್ವಾರಿ. 1988ರಲ್ಲಿ ಆ ರಾಜ್ಯ ಸುಮಾರು 20 ಎಕರೆ ಹಳೆಯ ಕ್ವಾರಿಯನ್ನು ಪ್ರಕೃತಿ ರಕ್ಷಿತ ಪ್ರದೇಶವಾಗಿ ಘೋಷಿಸಿತು. ಆಮೇಲೆ ಅಕ್ಕಪಕ್ಕದ ಜಾಗ ಸೇರಿ ಅದು 100 ಎಕರೆ ಮೀರಿತು.

ಹಾಗಾದರೆ ಕ್ವಾರಿ ಒಳ್ಳೆಯದೇ? ಅದೂ ಅಲ್ಲ. ಯಂತ್ರ ಓಡುತ್ತಿರುವ ಕ್ವಾರಿಯಲ್ಲಿ ಒಂದೇ ದಿನದಲ್ಲಿ ಒಂದು ಬಯಲು ಹೋಗುತ್ತದೆ. ಹೂವು ಅಲ್ಲಿಗೆ ಮರಳಬೇಕಾದರೆ ಹತ್ತಿರದಲ್ಲಿ ತಾಯಿಗಿಡ ಉಳಿದಿರಬೇಕು. ಬೀಜ ದೂರ ಹೋಗುವುದಿಲ್ಲ ಎಂದೆನಲ್ಲ. ಇನ್ನು ಕ್ವಾರಿ ನಿಂತುಹೋದರೆ ಇನ್ನೊಂದು ಕಷ್ಟ. ಬಿರುಕುಗಳಲ್ಲಿ ಮಣ್ಣು ಸೇರುತ್ತದೆ. ಸೀಡರ್ ಎಂಬ ಮರ ಬರುತ್ತದೆ. ಪೊದೆಗಳು ಬರುತ್ತವೆ. ನೆರಳು ಬೀಳುತ್ತದೆ. ನೆರಳು ಬಿದ್ದಲ್ಲಿ ಡೇಸಿ ಹೂ ಬಿಡುವುದನ್ನು ನಿಲ್ಲಿಸುತ್ತದೆ, ಆಮೇಲೆ ಸಾಯುತ್ತದೆ. ಹಾಗಾಗಿ ಅಲ್ಲಿಯ ಕಾವಲುಗಾರರ ಮುಖ್ಯ ಕೆಲಸ ಮರ ಕಡಿಯುವುದು. ಹೌದು, ಪ್ರಕೃತಿ ಕಾಪಾಡುವವರು ಗರಗಸ ಹಿಡಿದು ಹೋಗಿ ಎಳೆಯ ಮರಗಳನ್ನು ಕಡಿಯುತ್ತಾರೆ. ಹಸಿರು ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಕೆಲವು ನೆಲ ಬರಿದಾಗಿರುವುದೇ ಅದರ ಆರೋಗ್ಯ. ಸುಮ್ಮನೆ ಬೇಲಿ ಹಾಕಿ ಹತ್ತಿಪ್ಪತ್ತು ವರ್ಷ ಬಿಟ್ಟಿದ್ದರೆ ಬೇಲಿಯೊಳಗೆ ಸೊಗಸಾದ ಪೊದೆಗಾಡು ಇರುತ್ತಿತ್ತು. ಹೂವು ಇರುತ್ತಿರಲಿಲ್ಲ.

ಬೇಲಿ ಸಾಲದು ಎನ್ನುವುದು ಒಹಾಯೊ ಕಲಿಸಿದ ಪಾಠ. ಎಣಿಕೆ ಸಾಲದು ಎನ್ನುವುದು ಇಲಿನಾಯ್ ಕಲಿಸಿದ್ದು. ಈಗ ಅಲ್ಲಿಗೆ ಬಂದೆ.

ಇಲಿನಾಯ್‌ನಲ್ಲಿ ಷಿಕಾಗೊ ನಗರದ ನೈಋತ್ಯಕ್ಕೆ ಜೋಲಿಯೆಟ್ ಎಂಬ ಊರಿದೆ. ಅದರ ಹತ್ತಿರ ಡೆಸ್ ಪ್ಲೇನ್ಸ್ ನದಿ ಹರಿಯುತ್ತದೆ. ಆ ಕಣಿವೆಯಲ್ಲಿ ಕಲ್ಲುನೆಲದ ಹುಲ್ಲುಗಾವಲುಗಳಿದ್ದವು. ಕಾರ್ಖಾನೆ, ರಸ್ತೆ, ಕ್ವಾರಿ ಬಂದು ಒಂದೊಂದಾಗಿ ಹೋದವು. 1980ರ ಹೊತ್ತಿಗೆ ಉಳಿದದ್ದು ಸುಮಾರು 30 ಡೇಸಿ ಗಿಡ. ಆ ಕೊನೆಯ ಜಾಗವೂ 1980ರ ದಶಕದ ಆರಂಭದಲ್ಲಿ ಹೋಯಿತು. ಹೋಗುವ ಮೊದಲು ಕೆಲವರು ಗಿಡಗಳನ್ನು ಎತ್ತಿ ತೋಟಗಳಿಗೆ ಸೇರಿಸಿದ್ದರು. ಸದ್ಯ, ಗಿಡ ಉಳಿಯಿತಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟಿರಬೇಕು.

ಆದರೆ ಆ ಗಿಡಗಳು ಬೀಜ ಕಟ್ಟುತ್ತಿರಲಿಲ್ಲ. ಮೂಲ ಜಾಗದಲ್ಲಿ ಇದ್ದಾಗಲೂ ವರ್ಷಗಳಿಂದ ಕಟ್ಟಿರಲಿಲ್ಲ. ಹೂವಿಗೆ ಕೊರತೆ ಇರಲಿಲ್ಲ. ಸಣ್ಣ ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತಿದ್ದವು. ಒಣಗಿದ ತಟ್ಟೆ ಒಡೆದು ನೋಡಿದರೆ ಒಳಗೆಲ್ಲ ಜಳ್ಳು. ರೋಗವಿದೆಯೆ? ಮಣ್ಣಿನಲ್ಲಿ ಏನಾದರೂ ಕೊರತೆಯೆ? ವಿಲ್ ಕೌಂಟಿಯ ಅರಣ್ಯ ಸಂರಕ್ಷಣಾ ಸಂಸ್ಥೆಯಲ್ಲಿದ್ದ ಮಾರ್ಸಿ ಡಿಮೌರೊ ಎಂಬ ಸಸ್ಯತಜ್ಞೆ ಇದನ್ನು ಬಿಡಿಸಲು ಕೂತರು. ಅವರು ಮಾಡಿದ್ದು ತಾಳ್ಮೆಯ ಕೆಲಸ. ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಾರೆ ಮುಟ್ಟಿಸುವುದು. ಜೇನ್ನೊಣ ಬಾರದಂತೆ ಹೂವನ್ನು ಮುಚ್ಚಿಡುವುದು. ಬೀಜ ಬಂತೇ ಎಂದು ನೋಡುವುದು. ಹೀಗೆ ಗಿಡ ಗಿಡಕ್ಕೂ ಜೋಡಿ ಕಟ್ಟಿ ಪರೀಕ್ಷೆ.

ಇಲಿನಾಯ್ ಗಿಡಕ್ಕೆ ಇಲಿನಾಯ್ ಗಿಡವನ್ನೇ ಜೋಡಿ ಕಟ್ಟಿದರೆ ಬೀಜ ಇಲ್ಲ. ಇಲಿನಾಯ್ ಗಿಡಕ್ಕೆ ಒಹಾಯೊದಿಂದ ತಂದ ಗಿಡವನ್ನು ಜೋಡಿ ಕಟ್ಟಿದರೆ ಗಟ್ಟಿ ಬೀಜ!

ಇದರ ಒಳಗುಟ್ಟು ಏನು? ನಮ್ಮ ಹಳ್ಳಿಗಳಲ್ಲಿ ಸಂಬಂಧ ಕೂಡಿಸುವಾಗ ಹಿರಿಯರು ಮೊದಲು ಬೆಡಗು ಕೇಳುತ್ತಾರೆ. ಹೆಣ್ಣು ಗಂಡು ಒಂದೇ ಬೆಡಗಿನವರಾದರೆ ಅಣ್ಣತಂಗಿಯ ಲೆಕ್ಕ. ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಡೇಸಿಯಲ್ಲೂ ಅಂಥ ಬೆಡಗುಗಳಿವೆ. ಪ್ರತಿ ಗಿಡಕ್ಕೂ ಹುಟ್ಟಿನಿಂದ ಬಂದ ಒಂದು ಗುರುತಿರುತ್ತದೆ. ಪರಾಗ ಬಂದು ಹೂವಿನ ತುದಿಯ ಮೇಲೆ ಕೂತಾಗ ಹೂವು ಆ ಗುರುತನ್ನು ಪರೀಕ್ಷಿಸುತ್ತದೆ. ತನ್ನದೇ ಗುರುತಾದರೆ ಪರಾಗಕ್ಕೆ ಮೊಳೆಯಲು ಬಿಡುವುದಿಲ್ಲ. ಬೇರೆ ಗುರುತಾದರೆ ಬಾಗಿಲು ತೆರೆಯುತ್ತದೆ. ಸೂರ್ಯಕಾಂತಿಯ ಕುಟುಂಬದಲ್ಲಿ ಅನೇಕ ಗಿಡಗಳಿಗೆ ಈ ಕಟ್ಟಳೆ ಇದೆ. ದೊಡ್ಡ ಬಯಲಿನಲ್ಲಿ ಇದು ಒಳ್ಳೆಯದೇ. ಸಂತಾನ ಗಟ್ಟಿಯಾಗುತ್ತದೆ. ಆದರೆ ಊರೇ ಸಣ್ಣದಾದರೆ? ಹತ್ತು ಬೆಡಗು ಐದಾಗುತ್ತದೆ. ಐದು ಮೂರಾಗುತ್ತದೆ. ಕೊನೆಗೆ ಊರಿಗೆ ಊರೇ ಒಂದು ಬೆಡಗು. ಇಲಿನಾಯ್‌ನಲ್ಲಿ ಆದದ್ದು ಇದು. ಮೂವತ್ತು ಗಿಡಗಳಿದ್ದರೂ ಮೂವತ್ತೂ ಒಂದೇ ಗುರುತಿನವು. ಒಂದು ಇನ್ನೊಂದನ್ನು ವರಿಸುವಂತಿಲ್ಲ.

ಈ ಗಿಡಗಳು ಸಾಯುತ್ತಲೂ ಇರಲಿಲ್ಲ. ಪಕ್ಕಕ್ಕೆ ಮರಿ ಒಡೆದು ಬದುಕಿಕೊಂಡಿದ್ದವು. ಎಣಿಸಿದವರಿಗೆ ಮೂವತ್ತು ಸಿಗುತ್ತಿತ್ತು. ಮುಂದಿನ ವರ್ಷ ಎಣಿಸಿದರೂ ಹೆಚ್ಚುಕಡಿಮೆ ಮೂವತ್ತು. ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಆದರೆ ವಂಶ ಎಂದೋ ನಿಂತುಹೋಗಿತ್ತು. ಹೊಸ ಪೀಳಿಗೆಯ ಒಂದು ಸಸಿಯೂ ಹುಟ್ಟಿರಲಿಲ್ಲ. ಡಿಮೌರೊ ಅವರ ಈ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಅಪರೂಪದ ಗಿಡಗಳ ಬಗ್ಗೆ ಕೆಲಸ ಮಾಡುವವರು ಇಂದಿಗೂ ಅದನ್ನು ಉದಾಹರಣೆಗೆ ಎತ್ತಿಕೊಳ್ಳುತ್ತಾರೆ.

ಈಗ ಹೇಳಿದ್ದನ್ನು ಒಂದೇ ಮಾತಿನಲ್ಲಿ ಮತ್ತೆ ಹೇಳುತ್ತೇನೆ. ಗಿಡಗಳು ಎಷ್ಟಿವೆ ಎನ್ನುವುದಕ್ಕಿಂತ ಅವು ಪರಸ್ಪರ ಎಷ್ಟು ಬೇರೆ ಎನ್ನುವುದು ಮುಖ್ಯವಾಯಿತು. ಕಾರಣ ಗೊತ್ತಾದ ಮೇಲೆ ಮದ್ದೂ ಗೊತ್ತಾಯಿತು. ಆದರೆ ಮದ್ದು ಕುಡಿಸುವ ಮೊದಲು ಒಂದು ಜಿಜ್ಞಾಸೆ ಎದ್ದಿತು. ಒಹಾಯೊ ಗಿಡವನ್ನು ಇಲಿನಾಯ್ ಗಿಡಕ್ಕೆ ಬೆರೆಸಿದರೆ ಹುಟ್ಟುವ ಮಗು ಯಾವ ರಾಜ್ಯದ್ದು? ಸ್ಥಳೀಯ ತಳಿಯ ಶುದ್ಧತೆ ಹೋಗುವುದಿಲ್ಲವೆ? ಗಿಡಗಳ ಪುನರ್ವಸತಿಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಒಂದು ಊರಿನ ಗಿಡ ಆ ಊರಿನ ಚಳಿಗೆ, ಕಲ್ಲಿಗೆ ಒಗ್ಗಿರುತ್ತದೆ. ಕಂಡಕಂಡಲ್ಲಿಂದ ತಂದು ಬೆರೆಸಿದರೆ ಆ ಒಗ್ಗುವಿಕೆ ಸಡಿಲವಾಗಬಹುದು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಬೀಜ ಕಟ್ಟದ ಶುದ್ಧತೆ ಗಾಜಿನ ಪೆಟ್ಟಿಗೆಗೆ ಸರಿ, ಬಯಲಿಗಲ್ಲ. ಅಲ್ಲಿಯವರೂ ಹಾಗೇ ತೀರ್ಮಾನಿಸಿದರು. ಎರಡೂ ಕಡೆಯ ಗಿಡಗಳನ್ನು ಕೂಡಿಸಿ ಬೀಜ ಪಡೆದರು. ಸಸಿ ಮಾಡಿದರು. ಬೇರೆ ಬೇರೆ ಗುರುತಿನ ಸಸಿಗಳು ಅಕ್ಕಪಕ್ಕ ಬರುವಂತೆ ಯೋಚಿಸಿ, ಅಧ್ಯಯನ ಅಚ್ಚಾಗುವ ಮೊದಲೇ 1988ರಲ್ಲಿ ಇಲಿನಾಯ್‌ನ ರಕ್ಷಿತ ಹುಲ್ಲುಗಾವಲುಗಳಲ್ಲಿ ನೆಡಲು ಶುರುಮಾಡಿದರು. ಅದೇ ವರ್ಷ ಅಮೆರಿಕದ ಆ ಭಾಗಕ್ಕೆ ಭಾರಿ ಬರಗಾಲ. ಆದರೂ ಕೆಲಸ ನಿಲ್ಲಲಿಲ್ಲ. ಲಾಕ್‌ಪೋರ್ಟ್ ಎಂಬಲ್ಲಿಯ ಹುಲ್ಲುಗಾವಲಿನಲ್ಲಿ ಡೇಸಿ ಮತ್ತೆ ಹೂ ಬಿಟ್ಟಿತು. ಈ ಸಲ ಬೀಜವನ್ನೂ ಕಟ್ಟಿತು.

ಒಹಾಯೊದ ಕೆಲ್ಲೀಸ್ ದ್ವೀಪದ ಹಳೆಯ ಕ್ವಾರಿಯಲ್ಲೂ ಗಿಡ ತಂದು ನೆಟ್ಟರು. ಒಂದೇ ಭೂಶಿರವನ್ನು ನಂಬಿ ಕೂರುವುದು ಬೇಡ ಎಂಬ ಮುನ್ನೆಚ್ಚರಿಕೆ. ಅದೂ ಹಬ್ಬಿತು.

ಇನ್ನು ಕಾನೂನಿನ ಮಾತು. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಅಳಿವಿನಂಚಿನ ಜೀವಿಗಳ ಕಾಯಿದೆ ಬಂದದ್ದು 1973ರಲ್ಲಿ. ಲೇಕ್‌ಸೈಡ್ ಡೇಸಿ ಅದರ ಪಟ್ಟಿ ಸೇರಿದ್ದು 1988ರಲ್ಲಿ, ಅಪಾಯಕ್ಕೆ ಸಿಲುಕಿದ ಗಿಡ ಎಂದು. ಆದರೆ ಆ ಕಾಯಿದೆಯಲ್ಲಿ ಪ್ರಾಣಿಗೂ ಗಿಡಕ್ಕೂ ದೊಡ್ಡ ಭೇದವಿದೆ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಯಾರ ಜಮೀನಿನಲ್ಲಿಯೂ ಕೊಲ್ಲುವಂತಿಲ್ಲ. ಗಿಡಕ್ಕೆ ಆ ರಕ್ಷಣೆ ಕೇಂದ್ರ ಸರ್ಕಾರದ ನೆಲದಲ್ಲಿ ಮಾತ್ರ ಪೂರ್ತಿ ಸಿಗುತ್ತದೆ. ಖಾಸಗಿ ಜಮೀನಿನಲ್ಲಿ ಗಿಡ ಮಾಲೀಕನದು. ರಾಜ್ಯದ ಕಾನೂನು ಅಡ್ಡ ಬಾರದಿದ್ದರೆ, ಸರ್ಕಾರದ ಹಣವೋ ಅನುಮತಿಯೋ ಆ ಕೆಲಸದಲ್ಲಿ ಸೇರದಿದ್ದರೆ, ಅವನು ಅದನ್ನು ಕಿತ್ತೆಸೆಯಬಹುದು. ಮಾರ್ಬಲ್‌ಹೆಡ್‌ನ ಕ್ವಾರಿನೆಲ ಖಾಸಗಿಯವರದಾಗಿತ್ತು. ಆದ್ದರಿಂದ ಪಟ್ಟಿಯಲ್ಲಿ ಹೆಸರು ಬಂದಿತೆಂದು ಹೂವು ಬದುಕಲಿಲ್ಲ. ಜಾಗ ಸರ್ಕಾರದ ಕೈಗೆ ಬಂದದ್ದರಿಂದ ಬದುಕಿತು. ಕಾಯಿದೆಯ ಈ ತೂತು ನನಗೆ ಇಂದಿಗೂ ಸರಿಕಾಣುವುದಿಲ್ಲ. ನಡೆಯಲಾರದ ಜೀವಿಗೆ ರಕ್ಷಣೆ ಹೆಚ್ಚು ಬೇಕಲ್ಲವೆ? ಓಡಿಹೋಗುವ ಪ್ರಾಣಿಗಿಂತ ಕಡಿಮೆ ಕೊಡುವುದು ಯಾವ ನ್ಯಾಯ?

ಕೆನಡಾದಲ್ಲಿ ಕಷ್ಟಗಳು ಬೇರೆ ಬಗೆಯವು. ದಡದಲ್ಲಿ ಬೇಸಿಗೆ ಮನೆಗಳು ಏಳುತ್ತವೆ. ನಾಲ್ಕು ಚಕ್ರದ ಸಣ್ಣ ಬಂಡಿಗಳನ್ನು ಬಂಡೆಯ ಮೇಲೆ ಮೋಜಿಗೆ ಓಡಿಸುತ್ತಾರೆ. ಬೋಳು ಕಲ್ಲು ತಾನೆ, ಏನು ಹಾಳಾದೀತು ಎಂಬ ಭಾವನೆ. ಒಂದು ಚಕ್ರದ ಜಾಡಿನಲ್ಲಿ ಬೆರಳುದ್ದದ ಮಣ್ಣು ಕಿತ್ತುಹೋದರೆ ಆ ಮಣ್ಣು ಮತ್ತೆ ಕೂಡಲು ಎಷ್ಟು ಕಾಲ ಬೇಕು ಎನ್ನುವುದು ಬಂಡಿ ಓಡಿಸುವವರಿಗೆ ತಿಳಿಯದು. ಹೂವು ಚೆಂದವಿದೆ ಎಂದು ಕಿತ್ತು ತೋಟಕ್ಕೆ ಒಯ್ಯುವವರೂ ಉಂಟು.

ಬೋಳು ಕಲ್ಲು ತಾನೆ ಎಂಬ ಮಾತು ನಮ್ಮಲ್ಲಿಯೂ ಇದೆ, ಕೇಳುಗರೆ. ನಮ್ಮ ಪಹಣಿಯಲ್ಲಿ ಬಂಡೆನೆಲಕ್ಕೆ ಖರಾಬು ಎಂದು ಬರೆಯುತ್ತಾರೆ. ಉಳಲು ಬಾರದ್ದು, ಕಂದಾಯ ಇಲ್ಲದ್ದು ಎಂದು ಅರ್ಥ. ಆದರೆ ಮಳೆಗಾಲದಲ್ಲಿ ಆ ಬಂಡೆಗಳ ಮೇಲೆ ಹೋಗಿ ನೋಡಿ. ತುಮಕೂರು, ಕೋಲಾರ, ರಾಮನಗರ ಕಡೆಯ ಕಲ್ಲುಗುಡ್ಡಗಳಲ್ಲಿ, ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ಪದವುಗಳಲ್ಲಿ, ನೀರು ಜಿನುಗುವ ಜಾಗದಲ್ಲಿ ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳಿವೆ. ಅಂಟು ಹನಿ ಹೊತ್ತ ಕೆಂಪು ಎಲೆಯವು ಕೆಲವು. ನೀಲಿ ಹೂವಿನವು ಕೆಲವು. ಮಳೆ ನಿಂತು ಬಿಸಿಲು ಬಿದ್ದರೆ ಎಲ್ಲ ಒಣಗಿ ಮಾಯ. ಮುಂದಿನ ಮಳೆಗೆ ಮತ್ತೆ ಬರುತ್ತವೆ. ಇವೂ ಆ ಡೇಸಿಯ ಹಾಗೆ ನೆರಳು ಸಹಿಸುವುದಿಲ್ಲ. ಕರಾವಳಿಯ ಎಷ್ಟೋ ಪದವುಗಳಿಗೆ ಹಸಿರೀಕರಣದ ಹೆಸರಿನಲ್ಲಿ ಅಕೇಶಿಯಾ ನೆಟ್ಟೆವು. ಹಸಿರೇನೋ ಬಂತು. ಬುಡದಲ್ಲಿ ಏನು ಹೋಯಿತು ಎಂದು ನೋಡಿದವರು ಕಡಿಮೆ.

ಆದ್ದರಿಂದ ಎರಡು ಕೋರಿಕೆಗಳಿವೆ. ಮೊದಲನೆಯದು, ಕ್ಲೀವ್‌ಲ್ಯಾಂಡ್, ಕೊಲಂಬಸ್ ಕಡೆ ಮಕ್ಕಳಿರುವ ಕೇಳುಗರಿಗೆ. ಅಲ್ಲಿಗೆ ಮೇ ತಿಂಗಳಲ್ಲಿ ಹೋಗುವುದಾದರೆ ಮಾರ್ಬಲ್‌ಹೆಡ್‌ಗೆ ಕರೆದುಕೊಂಡು ಹೋಗೆಂದು ಮಗನಿಗೋ ಮಗಳಿಗೋ ಹೇಳಿ. ದೀಪಸ್ತಂಭ ನೋಡುವವರು ಈ ಕ್ವಾರಿಯನ್ನೂ ನೋಡಬಹುದು. ಗುರುತು ಹಾಕಿದ ದಾರಿಯಲ್ಲೇ ನಡೆಯಿರಿ, ಬಿರುಕುಗಳ ಮೇಲೆ ಕಾಲಿಡಬೇಡಿ. ಎರಡನೆಯದು ನಮ್ಮ ಊರುಗಳ ಗ್ರಾಮ ಪಂಚಾಯತಿಯವರಿಗೆ, ಶಾಲೆಯ ಮೇಷ್ಟ್ರುಗಳಿಗೆ. ಊರಿನ ಬಂಡೆಯ ಮೇಲೆ ಗುಂಡಿ ತೋಡಿ ಸಸಿ ನೆಡುವ ಕಾರ್ಯಕ್ರಮ ಹಾಕಿಕೊಳ್ಳುವ ಮೊದಲು ಒಂದು ಮಳೆಗಾಲ ಕಾಯಿರಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನು ಕರೆದು ಆ ಬಂಡೆಯ ಮೇಲೆ ಈಗಾಗಲೇ ಏನು ಬೆಳೆಯುತ್ತಿದೆ ಎಂದು ಬರೆಸಿಟ್ಟುಕೊಳ್ಳಿ. ಸಸಿಗಳನ್ನು ಕೆರೆಯ ಏರಿಯ ಆಚೆ, ರಸ್ತೆಯ ಬದಿಯಲ್ಲಿ ನೆಡಿ. ಅಲ್ಲಿ ಜಾಗ ಬೇಕಾದಷ್ಟಿದೆ.